ಇತಿಹಾಸ, ಆಖ್ಯಾಯಿಕೆ, ಆತ್ಮವೃತ್ತ: ಭುವನೈಕಮಲ್ಲನ ಪದಚ್ಯುತಿಯ ವಿಚಾರ

ಇತಿಹಾಸವನ್ನು ಯಾವ ಬಗೆಯ ಗ್ರಂಥಗಳಿಂದ ಅರಿಯಬೇಕೆಂಬ ಪ್ರಶ್ನೆಯು ಹೊಸದಲ್ಲ. ಛಾಂದೋಗ್ಯದಲ್ಲಿ ನಾರದನು ತಾನು ಓದಿದ ವಿದ್ಯೆಗಳನ್ನು ಎಣಿಸುವಾಗ ಇತಿಹಾಸಪುರಾಣವನ್ನು ಐದನೆಯ ವೇದವೆಂದು ಕರೆದಿರುವನು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು ಇನ್ನೂ ಸ್ಪಷ್ಟವಾಗಿ ಮಾತನಾಡಿರುವನು. ರಾಜಕುಮಾರನು ದಿನದ ಉತ್ತರಾರ್ಧವನ್ನು ಇತಿಹಾಸಶ್ರವಣದಲ್ಲಿ ಕಳೆಯಬೇಕೆಂದು ವಿಧಿಸಿ, ಆ ಇತಿಹಾಸವೆಂಬುದು ಒಂದು ಗ್ರಂಥವಲ್ಲ, ಪುರಾಣ, ಇತಿವೃತ್ತ, ಆಖ್ಯಾಯಿಕೆ, ಉದಾಹರಣ, ಧರ್ಮಶಾಸ್ತ್ರ, ಅರ್ಥಶಾಸ್ತ್ರ ಎಂಬ ಆರರ ಸಮೂಹವೆಂದು ಆತನು ವಿವರಿಸಿರುವನು. ನಡೆದುದನ್ನು ನಡೆದಂತೆ ಹೇಳುವ ಇತಿವೃತ್ತವೂ, ನಡೆದುದನ್ನು ಕಾವ್ಯವಾಗಿ ಕಟ್ಟುವ ಆಖ್ಯಾಯಿಕೆಯೂ ಒಂದೇ ಪಂಕ್ತಿಯಲ್ಲಿ ಕುಳಿತಿರುವುದನ್ನು ಇಲ್ಲಿ ಗಮನಿಸಬೇಕು. ಒಂದನ್ನೋದಿ ಉಳಿದುದನ್ನು ಬಿಟ್ಟವನು ಇತಿಹಾಸವನ್ನು ಓದಿದವನಲ್ಲವೆಂಬುದು ಇದರಿಂದ ಫಲಿಸುವ ಅರ್ಥ.

ಆಖ್ಯಾಯಿಕೆಯ ಸ್ವರೂಪವನ್ನು ಕುರಿತು ಆಲಂಕಾರಿಕರಲ್ಲಿ ವಿವಾದವುಂಟು. ಅಮರಸಿಂಹನು ಅದಕ್ಕೆ ತಿಳಿದುಬಂದ ವಸ್ತುವೇ ಆಧಾರವೆನ್ನುವನು. ಭಾಮಹನ ಮತದಲ್ಲಿ ಆಖ್ಯಾಯಿಕೆಯ ನಾಯಕನು ತನ್ನ ವೃತ್ತವನ್ನು ತಾನೇ ಹೇಳಬೇಕು. ಕಥೆಯಲ್ಲಾದರೋ ಇತರರು ಹೇಳಬೇಕು, ಏಕೆಂದರೆ ಕುಲೀನನು ತನ್ನ ಗುಣವನ್ನು ತಾನು ಹೊಗಳಿಕೊಳ್ಳಲಾರನು. ದಂಡಿಯು ಈ ಭೇದವನ್ನು ಒಪ್ಪದೆ, ನಡೆದ ಸಂಗತಿಯನ್ನು ನಿಜವಾಗಿ ಹೇಳುವವನಿಗೆ ಸ್ವಗುಣಕಥನವು ದೋಷವಲ್ಲವೆಂದು ಸಮಾಧಾನ ಹೇಳಿರುವನು. ಕವಿರಾಜಮಾರ್ಗದ ಮೂಲಕ ಕನ್ನಡಿಗರಿಗೆ ಗುರುಸ್ಥಾನದಲ್ಲಿರುವ ದಂಡಿಯ ಈ ಮಾತು ಇಂದಿನ ಆತ್ಮಕಥೆಗಳಿಗೂ ಸಲ್ಲತಕ್ಕದ್ದು. ಆದರೆ ನಡೆದುದನ್ನು ನಿಜವಾಗಿಯೇ ಹೇಳುತ್ತಿರುವನೆಂದು ನಿರ್ಣಯಿಸುವ ಬಗೆ ಯಾವುದು? ಅದನ್ನು ಲಕ್ಷಣಗ್ರಂಥಗಳು ಹೇಳುವುದಿಲ್ಲ, ಮೀಮಾಂಸಾಶಾಸ್ತ್ರವು ಹೇಳುವುದು.

ಮೀಮಾಂಸಕರು ಸ್ತುತಿರೂಪವಾದ ಅರ್ಥವಾದವಾಕ್ಯಗಳನ್ನು ಮೂರಾಗಿ ವಿಂಗಡಿಸುವರು. ಹೇಳಿದ ಅರ್ಥವು ಬೇರೊಂದು ಪ್ರಮಾಣಕ್ಕೆ ವಿರುದ್ಧವಾದರೆ ಅದು ಗುಣವಾದ. ಬೇರೊಂದು ಪ್ರಮಾಣದಿಂದ ಮೊದಲೇ ತಿಳಿದುದಾಗಿದ್ದರೆ ಅನುವಾದ. ವಿರೋಧವೂ ಇಲ್ಲದೆ, ಅನ್ಯತ್ರ ತಿಳಿದುದೂ ಅಲ್ಲದಿದ್ದರೆ ಭೂತಾರ್ಥವಾದ. ವೇದವಾಕ್ಯಗಳಿಗಾಗಿ ಏರ್ಪಟ್ಟ ಈ ಒರೆಗಲ್ಲಿನ ಮೇಲೆ ರಾಜಚರಿತ್ರೆಗಳನ್ನೂ ಉಜ್ಜಿ ನೋಡಬಹುದು. ಇದಕ್ಕೆ ಕರ್ಣಾಟಕದ ಇತಿಹಾಸದಲ್ಲಿಯೇ ಒಂದು ಉತ್ಕೃಷ್ಟವಾದ ನಿದರ್ಶನವುಂಟು. ಕಲ್ಯಾಣದ ಚಾಲುಕ್ಯನಾದ ಎರಡನೆಯ ಸೋಮೇಶ್ವರನನ್ನು, ಎಂದರೆ ಭುವನೈಕಮಲ್ಲನನ್ನು, ಅವನ ತಮ್ಮನಾದ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಸಿಂಹಾಸನದಿಂದಿಳಿಸಿದ ಪ್ರಸಂಗವೇ ಅದು.

ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳುವ ಗ್ರಂಥವು ಬಿಲ್ಹಣನ ವಿಕ್ರಮಾಂಕದೇವಚರಿತ. ಕಲ್ಯಾಣದ ಆಸ್ಥಾನದಲ್ಲಿ ಹುಟ್ಟಿದ ಈ ಕಾವ್ಯವು ಬಹುಕಾಲ ವಿದ್ವಾಂಸರ ಕಣ್ಣಿಗೆ ಬೀಳದೆ, 1874ರಲ್ಲಿ ರಾಜಸ್ಥಾನದ ಮರುಭೂಮಿಯ ನಡುವೆ ಜೈಸಲ್ಮೇರಿನ ಜೈನಭಂಡಾರದಲ್ಲಿ ಬ್ಯೂಲರ್ ಪಂಡಿತರಿಗೆ ದೊರೆಯಿತು. ಅವರೂ ಅವರೊಡನಿದ್ದ ಯಾಕೋಬಿ ಪಂಡಿತರೂ ಅದನ್ನು ಪ್ರತಿಮಾಡಿಕೊಂಡು ಬಂದರು. ಮರುವರ್ಷವೇ, 1875ರಲ್ಲಿ, ಅದು ಮುಂಬಯಿಯ ಸಂಸ್ಕೃತಗ್ರಂಥಮಾಲೆಯಲ್ಲಿ ಅಚ್ಚಾಯಿತು. ಹದಿನೆಂಟು ಸರ್ಗಗಳ ಈ ಮಹಾಕಾವ್ಯದ ಕೊನೆಯ ಸರ್ಗವು ಕವಿಯ ಆತ್ಮವೃತ್ತ. ಹೀಗಾಗಿ ಆಖ್ಯಾಯಿಕೆಯ ವಸ್ತು, ಮಹಾಕಾವ್ಯದ ರೂಪ, ಆತ್ಮಕಥನದ ಮುಗಿತಾಯ ಈ ಮೂರೂ ಒಂದೇ ಗ್ರಂಥದಲ್ಲಿ ಕೂಡಿಬಂದಿವೆ.

ಬಿಲ್ಹಣನ ಕಥನದ ಸಾರವು ಇಂತಿರುವುದು. ಸಂತಾನಾರ್ಥಿಯಾದ ಆಹವಮಲ್ಲನು, ಎಂದರೆ ಮೊದಲನೆಯ ಸೋಮೇಶ್ವರನು, ತಪಸ್ಸು ಮಾಡಲು, ಅವನಿಗೆ ಮೂವರು ಮಕ್ಕಳಾಗುವರೆಂದೂ, ಮೊದಲನೆಯವನೂ ಮೂರನೆಯವನೂ ಕರ್ಮವಶದಿಂದ ಹುಟ್ಟಿದರೆ ಎರಡನೆಯವನು ಶಿವನ ಪ್ರಸಾದದಿಂದಲೇ ಹುಟ್ಟುವನೆಂದೂ ದಿವ್ಯವಾಣಿಯಾಯಿತು. ತಂದೆಯು ಎರಡನೆಯವನಾದ ವಿಕ್ರಮನಿಗೆ ಯೌವರಾಜ್ಯವನ್ನು ಕೊಡಬಯಸಲು, ಅಣ್ಣನಿರುವಾಗ ತನಗದು ಸಲ್ಲದೆಂದು ಅವನು ನಿರಾಕರಿಸಿದನು. ವಿಕ್ರಮನು ದಿಗ್ವಿಜಯದಲ್ಲಿದ್ದಾಗ ತಂದೆಯು ದಾಹಜ್ವರದಿಂದ ಪೀಡಿತನಾಗಿ ತುಂಗಭದ್ರೆಯಲ್ಲಿ ಇಳಿದು ದೇಹವನ್ನು ಬಿಟ್ಟನು. ಪಟ್ಟವೇರಿದ ಸೋಮೇಶ್ವರನು ಮದದಿಂದಲೂ ಶಂಕೆಯಿಂದಲೂ ಕೆಟ್ಟು, ಪ್ರಜೆಗಳನ್ನು ಪೀಡಿಸಿ, ತಮ್ಮನಿಗೆ ಕೇಡನ್ನು ಬಗೆದನು. ವಿಕ್ರಮನು ಕಿರಿಯವನಾದ ಜಯಸಿಂಹನೊಡನೆ ರಾಜಧಾನಿಯನ್ನು ಬಿಟ್ಟು ದಕ್ಷಿಣಕ್ಕೆ ಬಂದನು. ಚೋಳರಾಜನು ಅವನ ಸ್ನೇಹವನ್ನು ಬೇಡಿ ಮಗಳನ್ನಿತ್ತನು. ಆ ಚೋಳನು ಸತ್ತಮೇಲೆ ವಿಕ್ರಮನು ಕಾಂಚಿಗೆ ಹೋಗಿ ಭಾವಮೈದುನನನ್ನು ಗದ್ದುಗೆಯ ಮೇಲಿರಿಸಿ ಬಂದನು. ಆದರೆ ಪ್ರಜಾಕ್ಷೋಭೆಯಲ್ಲಿ ಅವನು ಹತನಾಗಿ ವೇಂಗಿಯ ರಾಜಿಗನು ಚೋಳರಾಜ್ಯವನ್ನು ಅಪಹರಿಸಿದನು. ರಾಜಿಗನೂ ಸೋಮೇಶ್ವರನೂ ಒಂದಾಗಿ ವಿಕ್ರಮನನ್ನು ನಡುವೆ ಸಿಕ್ಕಿಸಲು, ಅಣ್ಣನ ಮೇಲೆ ಕೈಯೆತ್ತಲು ಹಿಂಜರಿದ ವಿಕ್ರಮನಿಗೆ ಶಿವನು ಸ್ವಪ್ನದಲ್ಲಿ ಯುದ್ಧಮಾಡೆಂದು ಆಜ್ಞಾಪಿಸಿದನು. ರಾಜಿಗನು ಓಡಿದನು, ಸೋಮೇಶ್ವರನು ಸೆರೆಸಿಕ್ಕಿದನು.

ಇದಕ್ಕೆ ಶಾಸನಗಳನ್ನು ಎದುರಿಟ್ಟು ನೋಡಬೇಕು. ಆಹವಮಲ್ಲನು 1068ನೆಯ ಮಾರ್ಚಿ ತಿಂಗಳ ಕೊನೆಯಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಯನ್ನು ಪ್ರವೇಶಿಸಿ ಮೃತನಾದನೆಂದು ಶಾಸನವು ಹೇಳುವುದು. ಕವಿಯ ವರ್ಣನೆಯಲ್ಲಿ ಕಲ್ಪನೆಯಂತೆ ತೋರಬಹುದಾಗಿದ್ದ ಈ ಜಲಪ್ರವೇಶವು ಕಲ್ಲಿನ ಮೇಲೆಯೂ ಇರುವುದರಿಂದ ಇಲ್ಲಿ ಕಾವ್ಯವಾಕ್ಯವು ಅನುವಾದ. ಶಾಸನವು ಊರನ್ನೂ ಕಾಲವನ್ನೂ ಕೊಟ್ಟರೆ, ಕಾವ್ಯವು ಜ್ವರವನ್ನೂ ಸಾಯುವವನ ಮನಸ್ಸನ್ನೂ ಕೊಡುವುದು. ಜ್ವರದ ಮಾತಿಗೆ ವಿರೋಧವೆಲ್ಲಿಯೂ ಇಲ್ಲವಾಗಿ ಅದು ಭೂತಾರ್ಥವಾದವಾಗಿ ನಿಲ್ಲುವುದು. ಇಷ್ಟೇ ಅಲ್ಲ, ಅದು ಮತ್ತೊಂದು ಒಗಟನ್ನೂ ಬಿಡಿಸಬಲ್ಲುದು. ಚೋಳ ವೀರರಾಜೇಂದ್ರನ ಶಾಸನದಲ್ಲಿ, ಆಹವಮಲ್ಲನು ಕೂಡಲಿನಲ್ಲಿ ಯುದ್ಧಕ್ಕೆ ತಾನೇ ಗಡುವಿಟ್ಟು ಕರೆದು, ಕೊನೆಗೆ ತಾನೇ ಬಾರದೆ ಹೋದನೆಂದೂ, ಚೋಳನು ಒಂದು ತಿಂಗಳು ಕಾದು ಬೇಸತ್ತನೆಂದೂ ಹೀಯಾಳಿಕೆಯಿಂದ ಹೇಳಿದೆ. ಕೊಪ್ಪದ ಕಾಳಗದಿಂದ ಮೊದಲಾಗಿ ಚೋಳರೊಡನೆ ಮತ್ತೆ ಮತ್ತೆ ಹೋರಾಡಿದ ಅರಸನು ಭಯದಿಂದ ಬಾರದಿದ್ದನೆಂಬುದು ಗುಣವಾದ. ಅವನನ್ನು ತಡೆದುದು ರೋಗವೇ ಇರಬೇಕೆಂದು ವಿದ್ವಾಂಸರು ಊಹಿಸಿರುವರು. ಶತ್ರುವಿನ ಶಾಸನವು ಬಿಟ್ಟುದನ್ನು ಆಸ್ಥಾನಕವಿಯು ತುಂಬಿಕೊಟ್ಟಿರುವುದಕ್ಕೆ ಇದಕ್ಕಿಂತ ಮೇಲಾದ ನಿದರ್ಶನವು ದುರ್ಲಭ.

ಆದರೆ ಸೋಮೇಶ್ವರನು ಪಟ್ಟವೇರಿದ ಬಳಿಕ ಕಾವ್ಯಕ್ಕೂ ಶಾಸನಗಳಿಗೂ ದಾರಿ ಬೇರೆಯಾಗುವುದು. ಬಳ್ಳಿಗಾವೆಯ ಶಾಸನವೊಂದರಂತೆ, ಹೊಸ ಅರಸನ ಕಾಲವೇ ದಾಳಿಗೆ ತಕ್ಕ ಸಮಯವೆಂದು ಬಗೆದು ಚೋಳನು ಗುತ್ತಿಯನ್ನು ಮುತ್ತಲು, ಭುವನೈಕಮಲ್ಲನ ಸೇನೆಯು ಅವನನ್ನು ಬೆನ್ನಟ್ಟಿ ಓಡಿಸಿತು. ಚೋಳನ ಶಾಸನವಾದರೋ, ಸೋಮೇಶ್ವರನು ಕಂಠಿಕೆಯನ್ನು ಬಿಚ್ಚುವುದರೊಳಗಾಗಿ ಕಂಪಿಲಿಯನ್ನು ಸುಟ್ಟು, ಕರಡಿಕಲ್ಲಿನಲ್ಲಿ ಜಯಸ್ತಂಭವನ್ನು ನಿಲ್ಲಿಸಿ, ಅವನನ್ನು ಕನ್ನರದೇಶದಿಂದ ಓಡಿಸಿ, ಕಾಲಿಗೆ ಬಿದ್ದ ಚಾಲುಕ್ಯ ವಿಕ್ರಮಾದಿತ್ಯನಿಗೆ ಕಂಠಿಕೆಯನ್ನು ಕಟ್ಟಿ ಏಳೂವರೆಲಕ್ಷದ ರಟ್ಟಪಾಡಿಯನ್ನು ಕೊಟ್ಟುದಾಗಿ ಹೇಳಿಕೊಳ್ಳುವುದು. ಗೆಲವು ಯಾರದೆಂಬಲ್ಲಿ ಎರಡು ಶಾಸನಗಳೂ ಪರಸ್ಪರವಿರುದ್ಧವಾದುದರಿಂದ ಎರಡು ಕಡೆಯೂ ಗುಣವಾದವನ್ನು ಕಳೆಯಬೇಕು. ಕಲ್ಲಿನ ಮೇಲೆ ಕೆತ್ತಿದ ಮಾತ್ರಕ್ಕೆ ಪ್ರಶಸ್ತಿಯು ಪ್ರಶಸ್ತಿಯಾಗದೆ ಹೋಗುವುದಿಲ್ಲ. ಆದರೆ ಹೊಸ ಅರಸನು ಪಟ್ಟವೇರಿದೊಡನೆಯೇ ಚೋಳನು ದಂಡೆತ್ತಿ ಬಂದನೆಂಬುದರಲ್ಲಿ ಇಬ್ಬರಿಗೂ ಏಕವಾಕ್ಯತೆಯಿದೆ. ವಿಕ್ರಮಾದಿತ್ಯನೂ ಚೋಳನೂ ಒಂದಾದರೆಂಬುದರಲ್ಲಿ ಚೋಳಶಾಸನಕ್ಕೂ ಬಿಲ್ಹಣನಿಗೂ ಏಕವಾಕ್ಯತೆಯಿದೆ. ಒಬ್ಬನು ಶರಣುಬಂದನೆನ್ನುವನು, ಮತ್ತೊಬ್ಬನು ಸ್ನೇಹವನ್ನು ಬೇಡಿಸಿಕೊಂಡನೆನ್ನುವನು. ಬೆಸುಗೆ ಮಾತ್ರ ಇಬ್ಬರಿಗೂ ಸಮ್ಮತ.

ಈ ಎರಡು ಏಕವಾಕ್ಯತೆಗಳನ್ನು ಜೋಡಿಸಿದಾಗ ಕಾವ್ಯದಲ್ಲಿ ಕಾಣದ ಒಂದು ಚಿತ್ರವು ಮೂಡುವುದು. ತಂದೆಯು ಜೀವಮಾನವೆಲ್ಲ ಹೋರಾಡಿದ ಶತ್ರುವು ಅಣ್ಣನ ರಾಜ್ಯದ ಮೇಲೆ ಬಿದ್ದಿರುವಾಗ, ತಮ್ಮನು ಆ ಶತ್ರುವಿನ ಕೈಯಿಂದ ಕಂಠಿಕೆಯನ್ನು ಕಟ್ಟಿಸಿಕೊಂಡು ಅವನ ಅಳಿಯನಾದನು. ಬಿಲ್ಹಣನು ಸುಳ್ಳನ್ನು ಹೇಳಿರುವನೆನ್ನುವಂತಿಲ್ಲ. ವಿವಾಹವನ್ನು ಅವನು ಮುಚ್ಚಿಟ್ಟಿಲ್ಲ. ಆದರೆ ಚೋಳನ ದಾಳಿಯನ್ನೂ ಚೋಳನ ವಿವಾಹಪ್ರಸ್ತಾವವನ್ನೂ ಒಂದರ ಪಕ್ಕದಲ್ಲೊಂದು ಇರಿಸಿಲ್ಲ. ಕವಿಯ ಚಾತುರ್ಯವು ಅಸತ್ಯವನ್ನು ನುಡಿಯುವುದರಲ್ಲಿಲ್ಲ, ಸತ್ಯಗಳನ್ನು ದೂರದೂರ ಕೂರಿಸುವುದರಲ್ಲಿದೆ.

ಚೋಳರಾಜ್ಯದ ಕ್ರಾಂತಿಯನ್ನು ಕುರಿತು ತಮಿಳಿನ ಒಂದು ಆಸ್ಥಾನಕಾವ್ಯವೂ ದೊರೆತಿರುವುದು ಭಾಗ್ಯವೇ ಸರಿ. ಜಯಂಕೊಂಡಾರನ ಕಲಿಂಗತ್ತುಪ್ಪರಣಿಯು ಕುಲೋತ್ತುಂಗನ ಕಲಿಂಗವಿಜಯವನ್ನು ಹಾಡುವ ಯುದ್ಧಕಾವ್ಯ. ಈ ಕುಲೋತ್ತುಂಗನೇ ಬಿಲ್ಹಣನು ರಾಜಿಗನೆಂದು ಹಳಿದಿರುವವನು. ಅರಸನು ಸತ್ತಮೇಲೆ ಚೋಳನಾಡಿನಲ್ಲಿ ಅರಾಜಕತೆಯುಂಟಾಗಿ ಧರ್ಮವು ಕೆಟ್ಟಿತೆಂದೂ, ತನ್ನ ನಾಯಕನು ಬಂದು ಲೋಕವನ್ನುದ್ಧರಿಸಿದನೆಂದೂ ತಮಿಳುಕವಿಯು ವರ್ಣಿಸುವನು. 1070ರ ಅದೇ ಘಟನೆಯು ಕಲ್ಯಾಣದ ಕವಿಗೆ ಅಪಹಾರ, ಚೋಳದೇಶದ ಕವಿಗೆ ಉದ್ಧಾರ. ಕಲ್ಯಾಣದಲ್ಲಿ ಪ್ರಜಾಪೀಡೆಯನ್ನು ನಿಲ್ಲಿಸಲು ಬಂದವನು ವಿಕ್ರಮನಾದರೆ, ಚೋಳರಾಜಧಾನಿಯಲ್ಲಿ ಅರಾಜಕತೆಯನ್ನು ನಿಲ್ಲಿಸಲು ಬಂದವನು ಕುಲೋತ್ತುಂಗನು. ಕ್ರಮವನ್ನು ಮೀರಿ ಪಟ್ಟವೇರಿದವನಿಗೆ ಹಿಂದಿನ ಆಳಿಕೆಯ ದುರವಸ್ಥೆಯೇ ಮೊದಲ ಹಕ್ಕುಪತ್ರವೆಂಬುದು ಈ ಎರಡು ಕಾವ್ಯಗಳನ್ನು ಒಟ್ಟಿಗೆ ಓದಿದವನಿಗೆ ಮಾತ್ರ ತಿಳಿಯುವುದು. ಒಂದನ್ನು ಮಾತ್ರ ಓದಿದವನು ಆ ಕವಿಯ ಪಕ್ಷಪಾತಿಯಾಗಿ ಏಳುವನು.

ಬಿಲ್ಹಣನ ಕಾವ್ಯದೊಳಗೇ ಇನ್ನೊಂದು ಸಾಕ್ಷ್ಯವಿದೆ. ಹದಿನಾಲ್ಕನೆಯ ಸರ್ಗದಲ್ಲಿ, ಬನವಾಸಿಯನ್ನಾಳುತ್ತಿದ್ದ ಕಿರಿಯ ತಮ್ಮನಾದ ಜಯಸಿಂಹನು ದಂಗೆಯೇಳುವನು. ಆಗ ಅವನ ಮೇಲೆಯೂ ಪ್ರಜಾಪೀಡೆ, ಧನಸಂಗ್ರಹ, ಚೋಳರೊಡನೆ ಒಳಸಂಚು ಎಂಬ ಅಪವಾದಗಳೇ ಬರುವುವು. ಅಣ್ಣನಿಗೆ ಬಳಿದ ಬಣ್ಣವನ್ನೇ ತಮ್ಮನಿಗೂ ಬಳಿದಿರುವುದು ಸ್ಪಷ್ಟ. ಮೊದಲನೆಯವನೂ ಮೂರನೆಯವನೂ ಕರ್ಮಜನ್ಯರು, ನಡುವಿನವನು ಮಾತ್ರ ಶಿವಪ್ರಸಾದಜನ್ಯನೆಂಬ ಆರಂಭದ ದಿವ್ಯವಾಣಿಯು ಈ ಎರಡು ಭ್ರಾತೃಕಲಹಗಳನ್ನೂ ಮೊದಲೇ ತೀರ್ಮಾನಿಸಿಟ್ಟಿರುವುದು. ಇಬ್ಬರು ಸೋದರರ ಗುಣವರ್ಣನೆಯೂ ಹೀಗೆ ಒಂದೇ ಎರಕದಲ್ಲಿ ಹೊಯ್ದುದಾದರೆ, ಅದನ್ನು ಅವರವರ ಸ್ವಭಾವದ ವರದಿಯೆಂದು ಗ್ರಹಿಸುವುದು ತರವಲ್ಲ.

ಇಲ್ಲಿ ಅರ್ಥಾಪತ್ತಿಪ್ರಮಾಣವು ಸಹಾಯಕ್ಕೆ ಬರುವುದು. ಹಗಲು ಉಣ್ಣದ ದೇವದತ್ತನು ಕೊಬ್ಬಿದ್ದರೆ ಅವನು ರಾತ್ರಿ ಉಣ್ಣುವನೆಂದು ಕಲ್ಪಿಸಲೇಬೇಕಷ್ಟೆ. ಕಾವ್ಯದೊಳಗೆ ವಿಕ್ರಮನನ್ನು ಆಕ್ಷೇಪಿಸುವವರು ಯಾರೂ ಇಲ್ಲ. ಆದರೂ ಕವಿಯು ಅವನಿಂದ ಯೌವರಾಜ್ಯವನ್ನು ನಿರಾಕರಿಸಿಸುವನು. ಅಣ್ಣನ ಮೇಲೆ ಕೈಯೆತ್ತಲು ಹಿಂಜರಿಸುವನು. ಜನನಕ್ಕೆ ಮೊದಲು ಒಮ್ಮೆ, ಯುದ್ಧಕ್ಕೆ ಮೊದಲು ಮತ್ತೊಮ್ಮೆ ಶಿವನನ್ನೇ ಕರೆತಂದು ನುಡಿಸುವನು. ಆಕ್ಷೇಪವೇ ಇಲ್ಲದೆಡೆಯಲ್ಲಿ ಇಷ್ಟೊಂದು ಸಮಾಧಾನವು ಉಪಪನ್ನವಾಗದು. ಆದಕಾರಣ, ಕಾವ್ಯದ ಹೊರಗೆ, ಕಲ್ಯಾಣದ ಬೀದಿಗಳಲ್ಲಿಯೋ ಸಾಮಂತರ ಸಭೆಗಳಲ್ಲಿಯೋ, ಹಿರಿಯನನ್ನು ಸೆರೆಯಲ್ಲಿಟ್ಟು ಕಿರಿಯನು ಆಳಿದನೆಂಬ ಮಾತು ಆಡುತ್ತಿದ್ದಿತೆಂದು ಕಲ್ಪಿಸಬೇಕಾಗುವುದು. ಯಾವ ಶಾಸನವೂ ಉಳಿಸಿಕೊಡದ ಆ ಜನಾಭಿಪ್ರಾಯವನ್ನು ಅದನ್ನು ಅಡಗಿಸಲು ಹೊರಟ ಕಾವ್ಯವೇ ಉಳಿಸಿಕೊಟ್ಟಿದೆ. ಗುಣವಾದವೆಂದು ತಳ್ಳಿದ ವಾಕ್ಯವೂ ಬೇರೊಂದು ಬಗೆಯಲ್ಲಿ ಪ್ರಮಾಣವಾಗುವ ರೀತಿಯಿದು. 1076ರಲ್ಲಿ, ಎಂದರೆ ಶಕ 998ರ ನಳಸಂವತ್ಸರದಲ್ಲಿ, ವಿಕ್ರಮಾದಿತ್ಯನು ಶಕವರ್ಷವನ್ನು ಬದಿಗಿಟ್ಟು ತನ್ನ ಪಟ್ಟಾಭಿಷೇಕದಿಂದಲೇ ಚಾಲುಕ್ಯವಿಕ್ರಮವರ್ಷವನ್ನು ಆರಂಭಿಸಿದುದಕ್ಕೂ ಈ ಹಿನ್ನೆಲೆಯಲ್ಲಿ ಹೊಸ ಅರ್ಥವು ತೋರುವುದು. ಒಂದರಿಂದ ಎಣಿಕೆಯನ್ನು ಮೊದಲುಮಾಡಿದವನಿಗೆ ಅದರ ಹಿಂದಿನ ಎಂಟು ವರ್ಷಗಳನ್ನು ಎಣಿಸುವ ಅಗತ್ಯವಿರಲಿಲ್ಲ.

ಇನ್ನು ಆತ್ಮವೃತ್ತದ ವಿಚಾರ. ಹದಿನೆಂಟನೆಯ ಸರ್ಗದಲ್ಲಿ ಬಿಲ್ಹಣನು ಕಾಶ್ಮೀರದ ಪ್ರವರಪುರವನ್ನೂ, ಅದರ ಬಳಿಯ ಕೇಸರಿಗೂ ದ್ರಾಕ್ಷಿಗೂ ಹೆಸರಾದ ಖೋನಮುಖವೆಂಬ ತನ್ನ ಹುಟ್ಟೂರನ್ನೂ ವರ್ಣಿಸುವನು. ಮುತ್ತಾತ ಮುಕ್ತಿಕಲಶ, ಅಜ್ಜ ರಾಜಕಲಶ, ಮಹಾಭಾಷ್ಯದಲ್ಲಿ ಪಂಡಿತನಾದ ತಂದೆ ಜ್ಯೇಷ್ಠಕಲಶ, ತಾಯಿ ನಾಗಾದೇವಿ, ಅಣ್ಣ ಇಷ್ಟರಾಮ, ತಮ್ಮ ಆನಂದ ಇವರನ್ನು ಹೆಸರಿಸುವನು. ಮಥುರೆ, ಕನ್ಯಾಕುಬ್ಜ, ಪ್ರಯಾಗ, ಕಾಶಿಗಳನ್ನು ಕಂಡು, ಡಾಹಲದ ಕರ್ಣನ ಸಭೆಯಲ್ಲಿ ಗಂಗಾಧರನೆಂಬ ಕವಿಯನ್ನು ಗೆದ್ದು, ಗುರ್ಜರದೇಶವನ್ನೂ ಸೋಮನಾಥವನ್ನೂ ದಾಟಿ, ಸಮುದ್ರಮಾರ್ಗವಾಗಿ ಗೋಕರ್ಣದ ಕಡೆಗೆ ಬಂದು, ಕೊನೆಗೆ ವಿಕ್ರಮಾದಿತ್ಯನಿಂದ ವಿದ್ಯಾಪತಿಯೆಂಬ ಪದವಿಯನ್ನು ಪಡೆದುದನ್ನು ಹೇಳುವನು. ತಂದೆತಾಯಿಗಳ ಹೆಸರೇ ಮುಂತಾದವುಗಳಿಗೆ ವಿರೋಧವಿಲ್ಲದುದರಿಂದ ಅವು ಭೂತಾರ್ಥವಾದ. ಪದವಿಯ ಮಾತಿಗೆ ಕಲ್ಹಣನ ಬೆಂಬಲವಿರುವುದರಿಂದ ಅದು ಅನುವಾದ. ಆದರೆ ಆತ್ಮವೃತ್ತವನ್ನೂ ಕಣ್ಣುಮುಚ್ಚಿ ನೆಚ್ಚಲಾಗದು. ಭೋಜರಾಜನನ್ನು ತಾನು ನೋಡದೆ ಹೋದುದಕ್ಕಾಗಿ ಧಾರಾನಗರಿಯೇ ಹಂಬಲಿಸಿತೆಂಬಂತೆ ಬಿಲ್ಹಣನು ಬರೆದಿರುವನು. ಇದರ ಅರ್ಥಗ್ರಹಣದಲ್ಲಿ, ಬಿಲ್ಹಣನ ಪ್ರವಾಸಕಾಲದಲ್ಲಿ ಭೋಜನು ಬದುಕಿದ್ದನೆಂದು ಭಾವಿಸಿದವರುಂಟು. 1055ರ ಮಾಂಧಾತಾ ತಾಮ್ರಶಾಸನದಲ್ಲಿ ಭೋಜನ ಬಳಿಕ ಬಂದ ಜಯಸಿಂಹನು ಆಳುತ್ತಿರುವುದು ಕಂಡುಬಂದುದರಿಂದ ಆ ಭಾವನೆಯು ನಿಲ್ಲದಾಯಿತು. ಸೊಗಸಾದ ಒಂದು ಉತ್ಪ್ರೇಕ್ಷೆಯು ಒಬ್ಬ ಅರಸನ ಆಯುಸ್ಸನ್ನೇ ಬೆಳೆಸಿದ್ದಿತು. ತಾಮ್ರದ ಮೂರು ಮಾತು ಅದನ್ನು ಮೊಟಕುಗೊಳಿಸಿತು.

ಕಲ್ಹಣನು ಬಿಲ್ಹಣನನ್ನು ಕುರಿತು ರಾಜತರಂಗಿಣಿಯಲ್ಲಿ ಹೇಳಿರುವುದು ಕೆಲವೇ ಶ್ಲೋಕ. ಕಲಶರಾಜನ ಕಾಲದಲ್ಲಿ ಕಾಶ್ಮೀರವನ್ನು ಬಿಟ್ಟ ಬಿಲ್ಹಣನನ್ನು ಕರ್ಣಾಟದ ಪರ್ಮಾಡಿಯು ವಿದ್ಯಾಪತಿಯನ್ನಾಗಿ ಮಾಡಿದನು. ಆನೆಗಳ ಮೇಲಣ ಪ್ರಯಾಣದಲ್ಲಿ ಅವನ ಕೊಡೆಯು ರಾಜನ ಮುಂದೆಯೇ ಎತ್ತಿ ಕಾಣುತ್ತಿದ್ದಿತು. ಆದರೂ ಹುಟ್ಟುನಾಡಿನಲ್ಲಿ ಹರ್ಷನು ಕವಿಬಾಂಧವನಾಗಿರುವನೆಂದು ಕೇಳಿದಾಗ ಅಷ್ಟು ದೊಡ್ಡ ಐಶ್ವರ್ಯವನ್ನೂ ಅವನು ವಂಚನೆಯೆಂದೇ ಎಣಿಸಿದನು. ಕಲ್ಹಣನ ತಂದೆ ಚಂಪಕನು ಅದೇ ಹರ್ಷನ ಸೇವೆಯಲ್ಲಿದ್ದವನು. ವಿದ್ಯಾಪತಿಯು ತಾನಾಗಿ ಹೇಳಿಕೊಳ್ಳಲಾಗದ ಮನೋವ್ಯಥೆಯು ಊರವನ ಇತಿಹಾಸದಲ್ಲಿ ಉಳಿಯಿತು. ಕರ್ಣಾಟದ ಅನ್ನವನ್ನುಂಡು ಕರ್ಣಾಟದ ಅರಸನನ್ನು ಹೊಗಳಿದ ಕವಿಯ ಮನಸ್ಸು ಎಲ್ಲಿದ್ದಿತೆಂಬುದನ್ನು ತಿಳಿಯದೆ ಅವನ ಹೊಗಳಿಕೆಯ ತೂಕವನ್ನು ಅಳೆಯುವಂತಿಲ್ಲ.

ಇದರಿಂದ ವಿಕ್ರಮಾದಿತ್ಯನ ಮಹಿಮೆಗೆ ಕುಂದು ಬಂದಿತೆಂದು ತಿಳಿಯಬೇಕಾಗಿಲ್ಲ. 1126ರವರೆಗೆ ಅರ್ಧಶತಮಾನ ನಡೆದ ಅವನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದು, ಅದರ ಕೊನೆಯಲ್ಲಿ ಕಲ್ಯಾಣಪುರವನ್ನೂ ವಿಕ್ರಮಾರ್ಕನನ್ನೂ ಕೊಂಡಾಡಿರುವನು. ಮಗನಾದ ಮೂರನೆಯ ಸೋಮೇಶ್ವರನು ತಂದೆಯನ್ನು ಕುರಿತು ರಚಿಸಿದ ವಿಕ್ರಮಾಂಕಾಭ್ಯುದಯವೆಂಬ ಗದ್ಯಕಾವ್ಯವು ಅಪೂರ್ಣವಾಗಿಯಾದರೂ ದೊರೆತಿದೆ. ಇವನ ಆಳಿಕೆಯು ದೊಡ್ಡದೆಂಬುದು ಅನುವಾದ. ಅದಕ್ಕೆ ನೂರಾರು ಶಾಸನಗಳ ಸಾಕ್ಷ್ಯವುಂಟು. ಇವನು ದೊಡ್ಡವನಾದುದರಿಂದ ಇವನಣ್ಣನು ದುಷ್ಟನಾಗಿರಲೇಬೇಕೆಂಬ ವ್ಯಾಪ್ತಿಯು ಮಾತ್ರ ಇಲ್ಲ. ಭುವನೈಕಮಲ್ಲನ ಕಾಲದ ಶಾಸನಗಳಲ್ಲಿ ಕಾಣುವುದು ದಾನಗಳು, ಯುದ್ಧಗಳು, ಸಾಮಂತರ ವಿಧೇಯತೆ. ಅವುಗಳಲ್ಲಿಯೂ ಸ್ತುತಿಯಿದೆ, ಆದರೆ ದೌಷ್ಟ್ಯಕ್ಕೆ ಸಾಕ್ಷಿಯು ಅವನನ್ನು ಗೆದ್ದವನ ಆಸ್ಥಾನಕವಿಯೊಬ್ಬನೇ ಆಗಿರುವಾಗ, ಆ ಆಪಾದನೆಯನ್ನು ಪಾಠಪುಸ್ತಕಗಳಲ್ಲಿ ಸಿದ್ಧಾಂತವಾಗಿ ಬರೆಯುವುದು ನ್ಯಾಯವಲ್ಲ. ಉತ್ತರ ಹೇಳಲು ಬಾರದ ಮೃತನ ವಿಷಯದಲ್ಲಿ ಓದುಗನೇ ಮಧ್ಯಸ್ಥನಾಗಬೇಕು.

ಇದೇ ಒರೆಗಲ್ಲು ಈಚಿನ ಗ್ರಂಥಗಳಿಗೂ ಒಪ್ಪುವುದು. 1834ರಲ್ಲಿ ಆಂಗ್ಲೇಯರು ಪದಚ್ಯುತಗೊಳಿಸಿದ ಕೊಡಗಿನ ಅರಸನನ್ನು ಕುರಿತು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1956ರಲ್ಲಿ ಚಿಕವೀರ ರಾಜೇಂದ್ರವೆಂಬ ಕಾದಂಬರಿಯನ್ನು ಪ್ರಕಟಿಸಿದರು. ಅಲ್ಲಿಯೂ ಅರಸನ ದುರಾಚಾರವು ರಾಜ್ಯಾಪಹಾರಕ್ಕೆ ಹೇಳಿದ ಕಾರಣ. ಅಲ್ಲಿಯೂ ಕಾರಣವನ್ನು ಬರೆದಿಟ್ಟವರು ರಾಜ್ಯವನ್ನು ಕೊಂಡವರು. ಕಾದಂಬರಿಯನ್ನು ಬೋಧಿಸುವ ಅಧ್ಯಾಪಕನು ಗೆದ್ದವರ ಕಾಗದಪತ್ರಗಳನ್ನೂ ಕೊಡಗಿನವರೇ ಬರೆಯಿಸಿದ ವೃತ್ತಾಂತಗಳನ್ನೂ ಪಕ್ಕದಲ್ಲಿಟ್ಟುಕೊಂಡರೆ, ಕಾದಂಬರಿಯ ರಸಕ್ಕೆ ಹಾನಿಯಾಗುವುದಿಲ್ಲ. ಕವಿಯು ಎಲ್ಲಿ ಅನುವದಿಸಿದನು, ಎಲ್ಲಿ ಕಲ್ಪಿಸಿದನು, ಏಕೆ ಕಲ್ಪಿಸಿದನು ಎಂಬುದು ತಿಳಿದು ರಸವು ಇಮ್ಮಡಿಯಾಗುವುದು.

ಈ ಎಚ್ಚರಿಕೆಯನ್ನು ಬಿಲ್ಹಣನೇ ಕೊಟ್ಟಿರುವನೆಂಬುದು ಸ್ವಾರಸ್ಯವಾದ ಸಂಗತಿ. ತನ್ನ ಕಾವ್ಯದ ಮೊದಲ ಸರ್ಗದಲ್ಲಿ ಅವನು, ಲಂಕಾಪತಿಯ ಕೀರ್ತಿಯು ಕುಗ್ಗಿದುದಕ್ಕೂ ರಾಮನ ಕೀರ್ತಿಯು ಹಬ್ಬಿದುದಕ್ಕೂ ಆದಿಕವಿಯೇ ಕಾರಣನೆಂದೂ, ಆದುದರಿಂದ ಅರಸರು ಕವಿಗಳನ್ನು ಕೆರಳಿಸಬಾರದೆಂದೂ ಹೇಳಿರುವನು. ಆ ಮಾತನ್ನು ಅರಸರಿಗೆ ಹಾಕಿದ ಬೆದರಿಕೆಯೆಂದು ಓದುವುದು ವಾಡಿಕೆ. ಇತಿಹಾಸವನ್ನೂ ಆಖ್ಯಾಯಿಕೆಯನ್ನೂ ಆತ್ಮವೃತ್ತವನ್ನೂ ಜೊತೆಗೂಡಿಸಿ ಓದುವವನಿಗೆ ಅದು ಕಾವ್ಯದ ಬಾಗಿಲಿನಲ್ಲಿಯೇ ಕವಿಯು ತೂಗುಹಾಕಿದ ಬೀಗದ ಕೈಯಾಗಿ ಕಾಣುವುದು. ಕಲ್ಯಾಣದ ಗದ್ದುಗೆಯ ಮೇಲೆ ಎಂಟು ವರ್ಷ ಕುಳಿತಿದ್ದ ಭುವನೈಕಮಲ್ಲನಿಗೆ ಆದಿಕವಿಯಲ್ಲದಿದ್ದರೂ ಒಬ್ಬ ಒಳ್ಳೆಯ ಕವಿಯು ದೊರೆತಿದ್ದನು. ಆದರೆ ಅವನು ತಮ್ಮನ ಕಡೆಯವನಾಗಿದ್ದನು.